ತಕ್ಕಡಿ ಹತ್ತದ ಆಪಾದನೆ

ಬೋಗಾದಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವಳು ನಾನು. ನಿನ್ನೆ ಮೊನ್ನೆಯವರೆಗೆ ಗ್ರಾಮ ಪಂಚಾಯತಿಯಾಗಿದ್ದ ಊರಿದು. ಈಗ ರಿಂಗ್ ರಸ್ತೆಯ ಆಚೆಗೂ ಈಚೆಗೂ ಬಡಾವಣೆಗಳು, ಮನೆಮನೆಗೂ ಹೊಸ ಸೊಸೆಯಂದಿರು. ವಾರಕ್ಕೆ ಒಬ್ಬರಾದರೂ ಬಂದು ಅರ್ಧ ಮುಗಿದ ಸ್ಟ್ರಿಪ್ ಮುಂದಿಟ್ಟು, ದನಿ ತಗ್ಗಿಸಿ, "ಇದು ದಪ್ಪ ಮಾಡುತ್ತಂತಲ್ಲ ಮೇಡಂ, ಬೇರೆ ಕೊಡಿ" ಎನ್ನುತ್ತಾರೆ. ಹೋದ ತಿಂಗಳು ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ನಾನು ಇಷ್ಟೇ ಹೇಳಿದೆ: ಗರ್ಭನಿರೋಧಕ ಮಾತ್ರೆ ದಪ್ಪ ಮಾಡುತ್ತದೆ ಎನ್ನಲು ಆಧಾರವಿಲ್ಲ, ಆ ಭಯಕ್ಕೆ ಮಾತ್ರೆ ಬದಲಾಯಿಸುವುದು ಹಲವು ಸಲ ದುಡ್ಡಿಗೆ ದಂಡ, ಕೆಲವು ಸಲ ಮೈಗೂ ದಂಡ. ಹೇಳಿ ಮುಗಿಸುವಷ್ಟರಲ್ಲಿ ಆರು ಆಕ್ಷೇಪಗಳು ಒಟ್ಟಿಗೇ ಎದ್ದವು. ಆರಕ್ಕೂ ಒಟ್ಟಿಗೇ ಉತ್ತರಿಸುವಷ್ಟು ದೊಡ್ಡ ಗಂಟಲು ನನಗಿಲ್ಲ. ಹಾಗಾಗಿ ಇಲ್ಲಿ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ತೀರ್ಪು ಓದುವವರದು.

ಮೊದಲನೆಯ ಆಕ್ಷೇಪ: "ಕಣ್ಣಾರೆ ಕಂಡಿದ್ದೇವೆ. ಮದುವೆಯಾಗಿ ಮಾತ್ರೆ ಶುರು ಮಾಡಿದಳು, ವರ್ಷದೊಳಗೆ ರವಿಕೆ ಯಾವುದೂ ಹಿಡಿಸಲಿಲ್ಲ." ಕಂಡದ್ದು ನಿಜವೇ ಇರಬಹುದು. ಆದರೆ ಆ ವರ್ಷದೊಳಗೆ ಮಾತ್ರೆಯೊಂದೇ ಬರಲಿಲ್ಲವಲ್ಲ! ಮದುವೆ ಬಂತು, ನೆಂಟರ ಮನೆಯ ಊಟಗಳು ಬಂದವು, ಕಾಲೇಜಿಗೆ ನಡೆದು ಹೋಗುವುದು ನಿಂತಿತು, ವಯಸ್ಸೂ ಒಂದು ಕೂಡಿತು. ಇಷ್ಟು ಜನ ಆರೋಪಿಗಳಲ್ಲಿ ಮಾತ್ರೆಯೊಂದನ್ನೇ ಹಿಡಿದು ಕಟಕಟೆಗೆ ತಂದದ್ದು ಯಾವ ನ್ಯಾಯ? ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಉಂಟೇ ಎಂದು ತಿಳಿಯಲು, ಕಾಗೆ ಕೂರದ ಕೊಂಬೆಗಳನ್ನೂ ನೋಡಬೇಕು. ಅದನ್ನು ನೋಡಿದವರಿದ್ದಾರೆ. ಸಂಯುಕ್ತ ಹಾರ್ಮೋನು ಗರ್ಭನಿರೋಧಕಗಳು ಮತ್ತು ತೂಕದ ಬಗ್ಗೆ ಕೊಕ್ರೇನ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಪರಾಮರ್ಶೆ 49 ಪ್ರಯೋಗಗಳನ್ನು ಒಟ್ಟುಹಾಕಿ ನೋಡಿತು. ಹುಸಿಮಾತ್ರೆ ಪಡೆದವರ ಜೊತೆಗೋ ಏನನ್ನೂ ಪಡೆಯದವರ ಜೊತೆಗೋ ಹೋಲಿಸಿದ ನಾಲ್ಕು ಪ್ರಯೋಗಗಳಲ್ಲಿ, ತೂಕ ಏರಲು ಇವೇ ಕಾರಣ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ದೊಡ್ಡ ಏರಿಕೆಯೇನಾದರೂ ಇದ್ದಿದ್ದರೆ ಅದು ಅಡಗಿ ಕೂರುವಂಥದ್ದಲ್ಲ.

ಅಷ್ಟು ದೂರ ಯಾಕೆ, ನಮ್ಮ ಕರ್ನಾಟಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಧಿಕ ತೂಕದ ಹೆಂಗಸರ ಪ್ರಮಾಣ 2015–16ರಲ್ಲಿ ನೂರಕ್ಕೆ ಸುಮಾರು 23 ಇದ್ದದ್ದು 2019–21ರ ಹೊತ್ತಿಗೆ 30ಕ್ಕೆ ಏರಿತು. ಹಾಗಾದರೆ ರಾಜ್ಯದ ಹೆಂಗಸರೆಲ್ಲ ಮಾತ್ರೆ ನುಂಗುತ್ತಿದ್ದಾರೆಯೇ? ಇಲ್ಲ, ನುಂಗುವವರು ನೂರಕ್ಕೆ ಬೆರಳೆಣಿಕೆಯಷ್ಟು. ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಮಂದಿ ನಂಬಿರುವುದು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು. ಇನ್ನೂ ಒಂದು ತಮಾಷೆಯಿದೆ. ಅದೇ ಸಭೆಯಲ್ಲಿ ಹಿರಿಯರೊಬ್ಬರು "ಆಪರೇಷನ್ ಆದಮೇಲೇ ನಾನು ಊದಿದ್ದು" ಎಂದರು, ಉಳಿದವರು ತಲೆಯಾಡಿಸಿದರು. ಆಪರೇಷನ್ನಿನಲ್ಲಿ ಒಂದು ಚೂರೂ ಹಾರ್ಮೋನು ಮೈಗೆ ಸೇರುವುದಿಲ್ಲ. ಹಾರ್ಮೋನು ಸೇರಿದರೂ ದಪ್ಪ, ಸೇರದಿದ್ದರೂ ದಪ್ಪ ಎಂದಾದರೆ, ಹಾರ್ಮೋನನ್ನು ಜೈಲಿಗೆ ಹಾಕುವುದು ಹೇಗೆ?

ಎರಡನೆಯದು: "ಹಾರ್ಮೋನು ಅಂದಮೇಲೆ ಮೈ ಬರದೆ ಇರುತ್ತದೆಯೇ?" ಈ ಮಾತಿನ ವಯಸ್ಸು ಅರವತ್ತು ದಾಟಿದೆ. 1960ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಎನೊವಿಡ್ ಎಂಬ ಮೊದಲ ಮಾತ್ರೆಯಲ್ಲಿ ಹತ್ತು ಮಿಲಿಗ್ರಾಂ ಹತ್ತಿರ ಪ್ರೊಜೆಸ್ಟಿನ್, 150 ಮೈಕ್ರೊಗ್ರಾಂ ಈಸ್ಟ್ರೋಜನ್ ಇದ್ದವು. ಇವತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್‌ನ ಒಂದು ಮಾತ್ರೆಯಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಡಯಾಲ್ 30 ಮೈಕ್ರೊಗ್ರಾಂ. ಅಜ್ಜಿಯ ಕಾಲದ ಅಪರಾಧಕ್ಕೆ ಮೊಮ್ಮಗಳಿಗೆ ಶಿಕ್ಷೆ ಕೊಡಬೇಡಿ. ಈಸ್ಟ್ರೋಜನ್ನಿನಿಂದ ಕೆಲವರಿಗೆ ಮೊದಲ ತಿಂಗಳುಗಳಲ್ಲಿ ಮೈಯಲ್ಲಿ ಸ್ವಲ್ಪ ನೀರು ನಿಲ್ಲಬಹುದು, ಎದೆ ಭಾರವೆನಿಸಬಹುದು, ಒಪ್ಪುತ್ತೇನೆ. ಆದರೆ ನೀರು ಬೇರೆ, ಕೊಬ್ಬು ಬೇರೆ. ಇನ್ನೊಂದನ್ನೂ ಒಪ್ಪುತ್ತೇನೆ: ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನ ಮೇಲೆ ತೂಕದ ದೂರಿಗೆ ಹುರುಳಿದೆ, ಕೆಲವರಲ್ಲಿ ಅದು ನಿಜವಾಗಿಯೂ ತೂಕ ಏರಿಸುತ್ತದೆ. ಆದರೆ ಚುಚ್ಚುಮದ್ದಿನ ದೂರನ್ನು ಮಾತ್ರೆಯ ತಲೆಗೆ ಕಟ್ಟುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಮೂರನೆಯದು ನನಗೆ ಅತಿ ಪ್ರಿಯವಾದ ಆಕ್ಷೇಪ: "ಬೇರೆ ಕಂಪನಿಯದಕ್ಕೆ ಬದಲಾಯಿಸಿದೆ, ತೂಕ ಇಳಿಯಿತು. ಹಾಗಾದರೆ ಮೊದಲಿನದ್ದೇ ಕಳ್ಳ." ಯಾವುದರಿಂದ ಯಾವುದಕ್ಕೆ ಎಂದು ಕೇಳಿದೆ. ಸರ್ಕಾರದ ಮಾಲಾ-ಎನ್‌ನಿಂದ ದುಡ್ಡು ಕೊಟ್ಟು ತಂದ ಓವ್ರಲ್-ಎಲ್‌ಗೆ. ದಯವಿಟ್ಟು ಎರಡೂ ಸ್ಟ್ರಿಪ್‌ಗಳನ್ನು ತಿರುಗಿಸಿ ಹಿಂದೆ ಓದಿ. ಲೆವೊನಾರ್ಜೆಸ್ಟ್ರೆಲ್ 0.15, ಎಥಿನೈಲ್ ಎಸ್ಟ್ರಡಯಾಲ್ 0.03. ಅದೇ ಔಷಧಿ, ಅದೇ ಅಳತೆ. ವ್ಯತ್ಯಾಸ ಎಂದರೆ ಮಾಲಾದಲ್ಲಿ ಇಪ್ಪತ್ತೊಂದರ ಜೊತೆಗೆ ಏಳು ಕಬ್ಬಿಣದ ಮಾತ್ರೆ ಇರುತ್ತವೆ, ಇನ್ನೊಂದರಲ್ಲಿ ಇರುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೆ ಕಬ್ಬಿಣದಷ್ಟೇ ಭಾರವಾಗುತ್ತೇವೆ ಎಂಬ ವಾದ ಇನ್ನೂ ಯಾರೂ ಹೂಡಿಲ್ಲ, ಅದೂ ಬಂದೀತು. ಒಂದೇ ಔಷಧಿ ಒಂದು ಹೆಸರಿನಲ್ಲಿ ದಪ್ಪ ಮಾಡಿ ಇನ್ನೊಂದು ಹೆಸರಿನಲ್ಲಿ ಸಣ್ಣ ಮಾಡುತ್ತದೆ ಎಂದರೆ, ತೂಕ ಇರುವುದು ಹೆಸರಿನಲ್ಲಿ. ಎರಡನೆಯ ಆಕ್ಷೇಪದ ಜೊತೆ ಇದನ್ನು ಇಟ್ಟು ನೋಡಿದರೆ ಇನ್ನೂ ಚಂದ. ಹಾರ್ಮೋನು ಯಾವುದಾದರೂ ದಪ್ಪ ಮಾಡುತ್ತದೆ ಎಂದವರೇ, ಹಾರ್ಮೋನು ಬದಲಾಯಿಸಿ ಸಣ್ಣಗಾದೆವು ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಯಾವುದನ್ನು ಎಂದು ಅವರೇ ಆರಿಸಿಕೊಳ್ಳಲಿ.

ನಾಲ್ಕನೆಯದು ಸ್ವಲ್ಪ ಓದಿಕೊಂಡವರದು: "ಹೊಸ ಬಗೆಯ ಡ್ರೋಸ್ಪೈರಿನೋನ್ ಮಾತ್ರೆಗೆ ಹೋದರೆ ತೂಕ ಬರುವುದಿಲ್ಲ, ಇಳಿಯುತ್ತದೆ." ಡ್ರೋಸ್ಪೈರಿನೋನ್‌ಗೆ ಮೈಯಿಂದ ಉಪ್ಪು ನೀರು ಹೊರಹಾಕುವ ಗುಣ ಸ್ವಲ್ಪ ಇದೆ, ನಿಜ. ತಕ್ಕಡಿಯ ಮುಳ್ಳು ಸ್ವಲ್ಪ ಕೆಳಗಿಳಿಯಲೂಬಹುದು. ಇಳಿದದ್ದು ನೀರು, ಸೊಂಟದ ಕೊಬ್ಬು ಇದ್ದಲ್ಲೇ ಇರುತ್ತದೆ. ಆದರೆ ಇದಕ್ಕೆ ತೆರುವ ಬೆಲೆಯ ಲೆಕ್ಕವನ್ನು ಆ ಓದಿಕೊಂಡವರು ಓದಿದಂತಿಲ್ಲ. ಯುರೋಪಿನ ಔಷಧ ಸಂಸ್ಥೆ ಕೊಡುವ ಅಂದಾಜು ಹೀಗಿದೆ: ಮಾತ್ರೆ ತೆಗೆದುಕೊಳ್ಳದ, ಬಸುರಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ, ಲೆವೊನಾರ್ಜೆಸ್ಟ್ರೆಲ್ ಮಾತ್ರೆಯವರಲ್ಲಿ 5ರಿಂದ 7, ಡ್ರೋಸ್ಪೈರಿನೋನ್ ಅಥವಾ ಡೆಸೊಜೆಸ್ಟ್ರೆಲ್ ಇರುವ ಮಾತ್ರೆಯವರಲ್ಲಿ 9ರಿಂದ 12. ಹೆದರಿಸುವುದಕ್ಕೆ ಹೇಳುತ್ತಿಲ್ಲ, ಈ ಅಪಾಯ ಸಣ್ಣದೇ. ಬಸಿರು ಬಾಣಂತನದಲ್ಲಿ ಇದಕ್ಕಿಂತ ಹೆಚ್ಚು. ಮೊಡವೆಗೋ ಪಿಸಿಓಡಿಗೋ ವೈದ್ಯರು ನೋಡಿ ಬರೆದುಕೊಟ್ಟರೆ ಆ ಮಾತ್ರೆಗೆ ಅದರದೇ ಜಾಗವಿದೆ. ಆದರೆ ಒಂದು ಲೋಟ ನೀರಿನ ತೂಕ ಇಳಿಸಲು ಹೆಪ್ಪುಗಟ್ಟುವ ಸಂಭವ ಹೆಚ್ಚಿಸಿಕೊಳ್ಳುವುದನ್ನು ಜಾಣತನ ಎಂದು ಕರೆಯಲಾರೆ. ಇನ್ನು ಪಿಸಿಓಡಿ ಬಗ್ಗೆ ಒಂದು ಮಾತು. ಅದಿರುವ ಹೆಣ್ಣುಮಕ್ಕಳಲ್ಲಿ ತೂಕ ಏರುವುದು ಸಾಮಾನ್ಯ, ಅದಕ್ಕೆ ಮಾತ್ರೆ ಕೊಡುವುದೂ ಸಾಮಾನ್ಯ. ಕಾಯಿಲೆ ಮಾಡಿದ ಕೆಲಸಕ್ಕೆ ಹೆಸರು ಮಾತ್ರ ಮದ್ದಿಗೆ.

ಐದನೆಯದು: "ಒಂದು ಬಿಟ್ಟು ಇನ್ನೊಂದು ಶುರು ಮಾಡುವ ಮುಂಚೆ ಮೈಗೆ ಎರಡು ತಿಂಗಳು ರೆಸ್ಟ್ ಕೊಡಬೇಕು." ಆರರಲ್ಲಿ ನನಗೆ ಸಿಟ್ಟು ತರಿಸುವುದು ಇದೊಂದೇ. ಹೆಪ್ಪುಗಟ್ಟುವ ಅಪಾಯ ಅತಿ ಹೆಚ್ಚಿರುವುದು ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ. ನಾಲ್ಕು ವಾರಕ್ಕೂ ಹೆಚ್ಚು ಬಿಟ್ಟು ಮತ್ತೆ ಶುರು ಮಾಡಿದರೆ ಆ ಅಪಾಯ ಮರಳಿ ಬರುತ್ತದೆ. ರೆಸ್ಟ್ ಎಂದು ಕರೆಯುವುದು ಮೈಯನ್ನು ಮತ್ತೆ ಅದೇ ಮೊದಲ ಮೆಟ್ಟಿಲಿಗೆ ತಂದು ನಿಲ್ಲಿಸುತ್ತದೆ. ಬದಲಾಯಿಸಲೇಬೇಕಿದ್ದರೆ ಕ್ರಮ ಸರಳ: ಹಳೆಯ ಸ್ಟ್ರಿಪ್‌ನ ಕೊನೆಯ ಹಾರ್ಮೋನು ಮಾತ್ರೆ ನುಂಗಿದ ಮರುದಿನವೇ ಹೊಸದರ ಮೊದಲನೆಯದು. ಕಬ್ಬಿಣದ ಮಾತ್ರೆ ಮುಗಿಯಲಿ ಎಂದು ಕಾಯಬೇಕಿಲ್ಲ. ಇಷ್ಟಾಗಿ, ಆ ಎರಡು ತಿಂಗಳ ರೆಸ್ಟಿನಲ್ಲಿ ಬಸಿರು ನಿಂತರೆ? ಒಂಬತ್ತು ತಿಂಗಳಲ್ಲಿ ಹತ್ತು ಹನ್ನೆರಡು ಕಿಲೋ ಏರುವುದು ಸಹಜ. ಎರಡು ಕಿಲೋ ಭಯಕ್ಕೆ ಹನ್ನೆರಡು ಕಿಲೋ ಪರಿಹಾರ! ಈ ಲೆಕ್ಕ ಹಾಕಿಕೊಟ್ಟವರು ಬಾಣಂತನ ಮಾಡಲು ಬರುತ್ತಾರೆಯೇ ಎಂದು ಕೇಳಿಕೊಂಡೇ ರೆಸ್ಟ್ ತೆಗೆದುಕೊಳ್ಳಿ.

ಆರನೆಯದು ನನ್ನ ಮೇಲೆಯೇ: "ನೀವು ಅಂಗಡಿಯವರು, ಮಾರುವುದಕ್ಕೆ ಹೇಳುತ್ತೀರಿ." ವಾದ ಮುಗಿದಾಗ ವಾದಿಯ ಜೇಬಿಗೆ ಕೈ ಹಾಕುವುದು ಹಳೆಯ ಅಭ್ಯಾಸ. ಹಾಕಲಿ, ಏನು ಸಿಗುತ್ತದೆ ನೋಡೋಣ. ನಾನು ಹೇಳಿದ್ದು ಸರ್ಕಾರ ಪುಕ್ಕಟೆ ಕೊಡುವ ಮಾತ್ರೆ ಹೊಂದಿಕೊಂಡಿದ್ದರೆ ಅದನ್ನೇ ಮುಂದುವರಿಸಿ ಎಂದು. ನನ್ನ ಗಲ್ಲಾಪೆಟ್ಟಿಗೆಗೆ ಲಾಭವಾಗುವುದು ನನ್ನ ಮಾತಿನಿಂದಲ್ಲ, ನನ್ನ ಎದುರುವಾದಿಗಳ ಮಾತಿನಿಂದ. ಅವರು ಹೆದರಿಸಿ ಕಳಿಸಿದ ಪ್ರತಿಯೊಬ್ಬರೂ ಆಶಾ ಕಾರ್ಯಕರ್ತೆ ಕೊಟ್ಟ ಸ್ಟ್ರಿಪ್ ಮೂಲೆಗಿಟ್ಟು ನನ್ನಲ್ಲಿ ದುಡ್ಡು ಕೊಡುತ್ತಾರೆ. ಸ್ವಾರ್ಥವೇ ನನ್ನ ಗುರಿಯಾಗಿದ್ದರೆ ಸಮಾಜದ ಸಭೆಯಲ್ಲಿ ಅವರಿಗೆ ಹಾರ ಹಾಕುತ್ತಿದ್ದೆ.

ಏಳುವ ಹೊತ್ತಿಗೆ ಮತ್ತೊಂದು ಸಣ್ಣ ಬಾಣ ಬಂತು: "ಇದೆಲ್ಲ ವಿದೇಶದ ಸಂಸ್ಕೃತಿ, ನಮ್ಮ ಮೈಗೆ ಒಗ್ಗುವುದಿಲ್ಲ." ತೂಕದ ಮಾತು ಸೋತಾಗ ಸಂಸ್ಕೃತಿಯ ಮಾತು ಏಳುತ್ತದೆ. ಸರ್ಕಾರವೇ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ನಡೆಸಬೇಕೆಂದು ಮೈಸೂರು ಸಂಸ್ಥಾನ ಆದೇಶ ಮಾಡಿದ್ದು 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅಮೆರಿಕ ಮಾತ್ರೆಗೆ ಒಪ್ಪಿಗೆ ಕೊಡುವುದಕ್ಕೆ ಮೂವತ್ತು ವರ್ಷ ಮುಂಚೆ. ಇನ್ನು ಹಾರ್ಮೋನೇ ಬೇಡ ಎನ್ನುವವರಿಗೆ ಛಾಯಾ ಮಾತ್ರೆ ಇದೆ: ಸ್ಟೀರಾಯ್ಡ್ ಹಾರ್ಮೋನಿಲ್ಲದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಕಂಡುಹಿಡಿದದ್ದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ. ಸ್ವದೇಶಿಯೇ ಬೇಕೆಂದರೆ ಇದಕ್ಕಿಂತ ಸ್ವದೇಶಿ ಎಲ್ಲಿಂದ ತರಲಿ?

ಹಾಗೆಂದು "ಎಲ್ಲ ನಿನ್ನ ಭ್ರಮೆ" ಎಂದು ಹೆಣ್ಣುಮಗಳ ಬಾಯಿ ಮುಚ್ಚಿಸುವವರ ಪಕ್ಷವೂ ನನ್ನದಲ್ಲ. ಸಾವಿರ ಜನರ ಸರಾಸರಿ ಒಬ್ಬಳ ಮೈಯ ಕಥೆ ಹೇಳುವುದಿಲ್ಲ. ಮಾತ್ರೆ ಶುರು ಮಾಡುವ ದಿನ ತೂಕ ಬರೆದಿಡಿ, ಮೂರು ತಿಂಗಳ ಮೇಲೆ ಅದೇ ಯಂತ್ರದಲ್ಲಿ, ಮುಟ್ಟಿನಿಂದ ಅಷ್ಟೇ ದಿನ ದೂರದಲ್ಲಿ ಮತ್ತೆ ನೋಡಿ. ನಿಜವಾಗಿ ಏರಿದ್ದರೆ ವೈದ್ಯರ ಹತ್ತಿರ ಹೋಗಿ, ಥೈರಾಯ್ಡ್ ಪರೀಕ್ಷೆಯಾಗಲಿ. ಬದಲಾವಣೆ ಬೇಕೆಂದು ಅವರು ಹೇಳಿದರೆ ಬದಲಾಯಿಸಿ.

ನನ್ನ ಅಂಗಡಿಯ ಬಾಗಿಲಲ್ಲೇ ತೂಕದ ಯಂತ್ರವಿದೆ. ಆಪಾದನೆ ಮಾಡಿದವರನ್ನೆಲ್ಲ ಅವತ್ತು ಒಂದೇ ಪ್ರಶ್ನೆ ಕೇಳಿದ್ದೆ: ಮಾತ್ರೆಗೆ ಮುಂಚೆ ತೂಕ ಎಷ್ಟಿತ್ತು? ಒಬ್ಬರ ಹತ್ತಿರವೂ ಅಂಕಿ ಇರಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಬೇರೆಯಿದೆ. ಬಿಪಿ ಇರುವವರು, ಮೂವತ್ತೈದು ದಾಟಿ ಧೂಮಪಾನ ಮಾಡುವವರು, ಕಣ್ಣು ಮಿಂಚುವ ಅರೆತಲೆನೋವಿನವರು, ಹಿಂದೆ ಹೆಪ್ಪುಗಟ್ಟಿದವರು, ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಕೊಡುತ್ತಿರುವವರು ಈ ಮಾತ್ರೆಯಿಂದ ದೂರವಿರಬೇಕು. ಇದು ನಿಜವಾದ ದೂರು, ಕೇಳಲೇಬೇಕಾದ ಪ್ರಶ್ನೆ. ಎರಡು ಗಂಟೆ ತೂಕದ ಮಾತಾಡಿದ ಆ ಸಭೆಯಲ್ಲಿ "ನನಗೆ ಬಿಪಿ ಇದೆ, ನುಂಗಬಹುದೇ" ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಮುಂದಿನ ಸಭೆಗೆ ತೂಕದ ಯಂತ್ರ ಹೊತ್ತು ತರುವುದಿಲ್ಲ, ಬಿಪಿ ಯಂತ್ರ ತರುತ್ತೇನೆ.