ಊರಿಲ್ಲದ ತಂಡ

ಮುಶಿಗೇರಿಯ ಸೀಮೆಯಲ್ಲಿ ಹಿಮವೆಂಬುದು ಶಾಲೆಯ ಭೂಗೋಳದ ಪುಸ್ತಕದಲ್ಲಿ ಮಾತ್ರ ಕಾಣಸಿಗುವ ಪದಾರ್ಥ. ಬೇಸಗೆಯ ಬಿಸಿಲು ಕಾದು ಕಾದು ಒಂದು ಸಂಜೆ ಗುಡುಗಿನೊಡನೆ ನಾಲ್ಕು ಆಣೆಕಲ್ಲು ಬಿದ್ದರೆ ಮಕ್ಕಳು ಅಂಗಳಕ್ಕೆ ಓಡಿ ಅವನ್ನು ಆರಿಸಿಕೊಳ್ಳುತ್ತಾರೆ. ಅಂಗೈಯಲ್ಲಿ ಕ್ಷಣಕಾಲ ಹೊಳೆದ ಕಲ್ಲು, ಅಕ್ಕನಿಗೆ ತೋರಿಸಬೇಕೆನ್ನುವಷ್ಟರಲ್ಲಿ ನೀರಾಗಿ ಬೆರಳ ಸಂದಿಯಿಂದ ಜಾರಿಹೋಗಿರುತ್ತದೆ. ಹೆಪ್ಪುಗಟ್ಟಿದ ನೀರಿನ ಮೇಲೆ ಅಲಗಿನ ಪಾದರಕ್ಷೆಗಳನ್ನು ತೊಟ್ಟು, ಕೈಯಲ್ಲಿ ಬಾಗಿದ ಕೋಲು ಹಿಡಿದು, ರಬ್ಬರಿನ ಬಿಲ್ಲೆಯೊಂದನ್ನು ಅಟ್ಟಿಕೊಂಡು ಹೋಗುವ ಆಟವೊಂದಿದೆಯೆಂದು ಆ ಹುಡುಗರಿಗೆ ಹೇಳಿದರೆ ಅವರು ನಕ್ಕಾರು. ಆದರೆ ಆ ಆಟವನ್ನೇ ವೃತ್ತಿಯಾಗಿ ಮಾಡಿಕೊಂಡ ತಂಡಗಳ ಏಳುಬೀಳಿನ ಕಥೆ ಗದಗು ಸೀಮೆಯ ಹಿರಿಯರಿಗೆ ಅಪರಿಚಿತವೇನಲ್ಲ. ಅದು ನಾಟಕ ಕಂಪನಿಯ ಕಥೆಯೇ.

ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯನ್ನು ಕಂಡ ಸೀಮೆಯಿದು. ಕಂಪನಿ ಊರಿಗೆ ಬರುತ್ತದೆ; ತಗಡಿನ ಥಿಯೇಟರು ಏಳುತ್ತದೆ; ಉತ್ಪನ್ನ ಚೆನ್ನಾಗಿದ್ದರೆ ಕ್ಯಾಂಪು ತಿಂಗಳುಗಟ್ಟಲೆ ನಿಲ್ಲುತ್ತದೆ; ಇಲ್ಲವಾದರೆ ಸಾಮಾನು ಬಂಡಿಗೇರುತ್ತದೆ. ನಟ ಎಷ್ಟೇ ದೊಡ್ಡವನಾದರೂ ಕಂಪನಿ ಮುಳುಗಿದ ದಿನ ಅವನು ಬಣ್ಣವಿಲ್ಲದ ಬಡವ. ಅಮೆರಿಕದ ಸಣ್ಣ ಊರುಗಳ ಹಿಮದ ಹಾಕಿ ತಂಡಗಳ ಪಾಡೂ ಹೀಗೆಯೇ. ಅತ್ಯುಚ್ಚ ಶ್ರೇಣಿಯ ತಂಡಗಳು ಮಹಾನಗರಗಳಲ್ಲಿರುತ್ತವೆ. ಅವುಗಳ ಕೆಳಗಿನ ಮೆಟ್ಟಿಲಿನಲ್ಲಿ, ಮೇಲೇರುವ ಹಂಬಲದ ಎಳೆಯರೂ ಕೆಳಗಿಳಿಯುತ್ತಿರುವ ಹಳಬರೂ ಒಂದೇ ಬಸ್ಸಿನಲ್ಲಿ ಕುಳಿತು ಊರೂರು ತಿರುಗುತ್ತಾರೆ.

ಪೆನ್ಸಿಲ್ವೇನಿಯಾ ಪ್ರಾಂತದ ಎರಡು ಊರುಗಳನ್ನು ನೋಡಬಹುದು. ಜಾನ್ಸ್‌ಟೌನ್ ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿನ ಜೆಟ್ಸ್ ತಂಡ 1950ರಲ್ಲಿ ಹುಟ್ಟಿತು. 1977ರಲ್ಲಿ ಆ ತಂಡದ ಬದುಕಿನಿಂದ ಪ್ರೇರಣೆ ಪಡೆದ ಚಲನಚಿತ್ರವೊಂದು ತೆರೆಗೆ ಬಂದು ಜಗತ್ಪ್ರಸಿದ್ಧವಾಯಿತು. ಅದೇ ವರ್ಷ ಬಂದ ಮಹಾಪೂರದ ಬಳಿಕ ತಂಡ ಮುಚ್ಚಿಹೋಯಿತು. ಚಿತ್ರ ಉಳಿಯಿತು, ತಂಡ ಅಳಿಯಿತು. ಇನ್ನೊಂದು ಊರು ಹರ್ಷಿ, ಚಾಕೊಲೇಟಿನ ಊರು. ಅಲ್ಲಿನ ಬೇರ್ಸ್ ತಂಡ 1938ರಲ್ಲಿ ಅಮೆರಿಕನ್ ಹಾಕಿ ಲೀಗನ್ನು ಸೇರಿ, ಇಂದಿಗೂ ಅದೇ ಊರಿನಲ್ಲಿ, ಅದೇ ಲೀಗಿನಲ್ಲಿ ಆಡುತ್ತಿದೆ. ಊರನ್ನು ಕಟ್ಟಿದ ಉದ್ಯಮವೇ ತಂಡಕ್ಕೂ ಬೆನ್ನೆಲುಬಾಯಿತು. ಊರಿನವರು ಅದನ್ನು ತಮ್ಮ ಮನೆಯ ಕೂಸೆಂದು ಬಗೆದರು. ಒಂದು ತಂಡ ಬಾಳುವುದಕ್ಕೂ ಬೀಳುವುದಕ್ಕೂ ಕಾರಣ ಮೈದಾನದ ಒಳಗಿರುವುದಕ್ಕಿಂತ ಹೊರಗಿರುವುದೇ ಹೆಚ್ಚು.

ಕನ್ನಡನಾಡಿನಲ್ಲಿ ಹಿಮದ ಹಾಕಿಯ ವೃತ್ತಿಪರ ತಂಡವಿಲ್ಲ. ಭಾರತದಲ್ಲಿ ಆ ಆಟಕ್ಕೆ ನೆಲೆಯಿರುವುದು ಲಡಾಖದಂತಹ ಹಿಮದ ನಾಡಿನಲ್ಲಿ. ಆದರೆ ಹುಲ್ಲಿನ ಮೇಲೆ ಬೆಳೆದು ಈಗ ಕೃತಕ ಹಾಸಿನ ಮೇಲೆ ನಡೆಯುವ ಹಾಕಿ ಕನ್ನಡಿಗರ ಸ್ವಂತ ಆಟ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ತಂದವರಲ್ಲಿ ಎಂ. ಪಿ. ಗಣೇಶರಿದ್ದರು, 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದವರಲ್ಲಿ ಎಂ. ಎಂ. ಸೋಮಯ್ಯನವರಿದ್ದರು. ಹುಬ್ಬಳ್ಳಿ, ಗದಗು-ಬೆಟಗೇರಿಗಳ ಸೆಟ್ಲಮೆಂಟ್ ಬಡಾವಣೆಗಳ ಮಕ್ಕಳೂ ಕೋಲು ಹಿಡಿದು ಬೆಳೆದವರೇ. ಇಂತಹ ನಾಡಿಗೆ ವೃತ್ತಿಪರ ಹಾಕಿ ತಂಡವೊಂದು ಒದಗಿ ಬಂದದ್ದು 2005ರಲ್ಲಿ. ಅದರ ಹೆಸರು ಬೆಂಗಳೂರು ಲಯನ್ಸ್.

ಆ ವರ್ಷ ಭಾರತೀಯ ಹಾಕಿ ಫೆಡರೇಷನ್ನು ದೂರದರ್ಶನದ ಕ್ರೀಡಾವಾಹಿನಿಯೊಂದರ ಜತೆಗೂಡಿ ಪ್ರೀಮಿಯರ್ ಹಾಕಿ ಲೀಗನ್ನು ಆರಂಭಿಸಿತು. ಮೇಲಿನ ಶ್ರೇಣಿಯಲ್ಲಿ ಐದು ತಂಡಗಳು: ಹೈದರಾಬಾದ್ ಸುಲ್ತಾನ್ಸ್, ಮರಾಠಾ ವಾರಿಯರ್ಸ್, ಶೇರ್-ಎ-ಜಲಂಧರ್, ಚೆನ್ನೈ ವೀರನ್ಸ್ ಮತ್ತು ಬೆಂಗಳೂರು ಲಯನ್ಸ್. ಎಪ್ಪತ್ತು ನಿಮಿಷಗಳ ಆಟವನ್ನು ಎರಡು ಅರ್ಧಗಳಿಗೆ ಬದಲಾಗಿ ನಾಲ್ಕು ಪಾದಗಳಾಗಿ ಒಡೆದರು. ಜಾಹೀರಾತಿನ ಸಲುವಾಗಿ ಆಟವನ್ನೇ ತುಂಡರಿಸಿದರೆಂದು ಹಳಬರು ಮೂಗು ಮುರಿದಿರಬಹುದು. ಆದರೆ 2014ರಲ್ಲಿ ಅಂತರರಾಷ್ಟ್ರೀಯ ಹಾಕಿ ಸಂಸ್ಥೆಯೇ ನಾಲ್ಕು ಪಾದಗಳ ಪದ್ಧತಿಯನ್ನು ಒಪ್ಪಿಕೊಂಡು, ಪಾದಕ್ಕೆ ಹದಿನೈದು ನಿಮಿಷವೆಂದು ಗೊತ್ತುಮಾಡಿತು. ಬಿದ್ದುಹೋದ ಮನೆಯ ತೊಲೆ ಇನ್ನೊಂದು ಮನೆಗೆ ಆಸರೆಯಾದಂತೆ, ಲೀಗು ಹೋದರೂ ಅದರ ಕ್ರಮವೊಂದು ಜಗತ್ತಿನ ಹಾಕಿಯಲ್ಲಿ ಉಳಿಯಿತು.

ಮೊದಲ ವರ್ಷ ಪ್ರಶಸ್ತಿ ಹೈದರಾಬಾದಿಗೆ ಹೋಯಿತು. 2006ರಲ್ಲಿ ಅದು ಬೆಂಗಳೂರು ಲಯನ್ಸಿನ ಪಾಲಾಯಿತು. ಬಳಿಕ ತಂಡದ ಹೆಸರು ಬದಲಾಗಿ ಬೆಂಗಳೂರು ಹೈ-ಫ್ಲೈಯರ್ಸ್ ಎಂದಾಯಿತು. ಸಿಂಹಕ್ಕೆ ರೆಕ್ಕೆ ಮೂಡಿದವು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪನವರು ಆ ತಂಡದ ಕಣ್ಮಣಿ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಭಾರತಕ್ಕಾಗಿ ಆಡಿ ಬಂದಿದ್ದ ಅವರು ಮಧ್ಯಮೈದಾನದಲ್ಲಿ ಚೆಂಡು ಹಿಡಿದರೆ, ಚೆಂಡೇ ಅವರ ಮಾತು ಕೇಳುವಂತೆ ತೋರುತ್ತಿತ್ತು. 2008ರಲ್ಲಿ ತಂಡ ಮತ್ತೊಮ್ಮೆ ಪ್ರಶಸ್ತಿ ಗೆದ್ದಿತು. ನಾಲ್ಕು ಋತುಗಳಲ್ಲಿ ಎರಡು ಗೆಲುವು ಯಾವ ತಂಡಕ್ಕಾದರೂ ಹೆಮ್ಮೆಯ ಮಾತೇ ಸರಿ.

ಇಷ್ಟಾದರೂ ಒಂದು ಕೊರತೆ ಮೊದಲಿನಿಂದಲೂ ಇತ್ತು. ಮೊದಲ ಋತುವಿನ ಪಂದ್ಯಗಳು ನಡೆದದ್ದು ಹೈದರಾಬಾದಿನಲ್ಲಿ. ಮುಂದೆ ಚಂಡೀಗಢ, ಚೆನ್ನೈಗಳಲ್ಲಿ. ಬೆಂಗಳೂರಿನ ಹೆಸರು ಹೊತ್ತ ತಂಡ ಗೆದ್ದ ಸಂಜೆ ಬೆಂಗಳೂರಿನ ಮನೆಯವರು ಅದನ್ನು ಕಂಡದ್ದು ದೂರದರ್ಶನದ ಪೆಟ್ಟಿಗೆಯಲ್ಲಿ. ತಂದೆಯ ಹೆಗಲೇರಿ ಆಟಗಾರನನ್ನು ಹತ್ತಿರದಿಂದ ನೋಡಿ, ಮರುದಿನ ಬೀದಿಯಲ್ಲಿ ಅವನಂತೆಯೇ ಕೋಲು ಬೀಸುವ ಭಾಗ್ಯ ಮಕ್ಕಳಿಗೆ ಒದಗಲಿಲ್ಲ. ಮಗುವಿಗೆ ಊರ ಹೆಸರಿಟ್ಟು, ಮಗುವನ್ನು ಪರಊರಿನಲ್ಲಿ ಬೆಳೆಸಿದಂತಾಯಿತು.

ಆ 2008ನೆಯ ವರ್ಷವೇ ಭಾರತದ ಹಾಕಿಗೆ ಗ್ರಹಣ ಹಿಡಿದ ವರ್ಷ. ಮಾರ್ಚ್ ತಿಂಗಳಿನಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಬ್ರಿಟನ್ನಿನ ಎದುರು 0-2ರಿಂದ ಸೋತು, 1928ರಿಂದ ಒಮ್ಮೆಯೂ ತಪ್ಪಿಸಿಕೊಳ್ಳದಿದ್ದ ಒಲಿಂಪಿಕ್ಸಿನ ಬಾಗಿಲಿನಿಂದ ಭಾರತ ಹಿಂದಿರುಗಿತು. ಏಪ್ರಿಲ್‌ನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹಾಕಿ ಫೆಡರೇಷನ್ನನ್ನೇ ಅಮಾನತುಗೊಳಿಸಿತು. ಹೆತ್ತ ಸಂಸ್ಥೆಗೇ ನೆಲೆಯಿಲ್ಲದ ಮೇಲೆ ಲೀಗಿಗೆಲ್ಲಿಯ ನೆಲೆ? ಪ್ರೀಮಿಯರ್ ಹಾಕಿ ಲೀಗು ಮತ್ತೆ ನಡೆಯಲಿಲ್ಲ. ಗೆದ್ದ ಕಪ್ಪಿನೊಡನೆಯೇ ಹೈ-ಫ್ಲೈಯರ್ಸ್ ತಂಡ ಕಣ್ಮರೆಯಾಯಿತು. ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದೀಪಗಳ ಬೆಳಕಿನ ನಡುವೆ ಐಪಿಎಲ್ ಕ್ರಿಕೆಟ್ಟಿನ ಮೊದಲ ಪಂದ್ಯ ನಡೆಯಿತು. ಒಂದು ಅಂಗಡಿ ಬಾಗಿಲು ಹಾಕಿದ ಸದ್ದು, ಪಕ್ಕದ ಅಂಗಡಿಯ ಆರಂಭೋತ್ಸವದ ವಾದ್ಯದಲ್ಲಿ ಕೇಳಿಸದೆಯೇ ಹೋಯಿತು.

2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಎಂಬ ಹೊಸ ಹೆಸರಿನಲ್ಲಿ ಎಂಟು ತಂಡಗಳ ಪಂದ್ಯಾವಳಿ ಏರ್ಪಟ್ಟು, ಹಾಲಪ್ಪನವರ ನಾಯಕತ್ವದಲ್ಲಿ ಕರ್ನಾಟಕ ಲಯನ್ಸ್ ಆಡಿತು. ಕಪ್ಪು ಶೇರ್-ಎ-ಪಂಜಾಬಿಗೆ ಹೋಯಿತು. ಎರಡನೆಯ ಋತು ಬರಲೇ ಇಲ್ಲ. 2013ರಲ್ಲಿ ಹಾಕಿ ಇಂಡಿಯಾ ಲೀಗು ಹುಟ್ಟಿತು. ಕೊಡಗಿನ ವಿ. ಆರ್. ರಘುನಾಥ್ ಉತ್ತರಪ್ರದೇಶದ ತಂಡಕ್ಕೂ ಎಸ್. ವಿ. ಸುನಿಲ್ ಪಂಜಾಬಿನ ತಂಡಕ್ಕೂ ಆಡಿದರು. 2017ರ ಬಳಿಕ ನಿಂತುಹೋಗಿದ್ದ ಆ ಲೀಗು 2024ರ ಡಿಸೆಂಬರಿನಲ್ಲಿ ಪುನಃ ಆರಂಭವಾದಾಗಲೂ ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ತವರಿನಲ್ಲಿ ಒಲೆಯಿಲ್ಲದೆ, ಮಕ್ಕಳು ನೆರೆಮನೆಯ ಪಂಕ್ತಿಯಲ್ಲಿ ಉಂಡಂತೆ.

ಹಾಗಾದರೆ ಕನ್ನಡನಾಡಿನಲ್ಲಿ ಹಾಕಿಯನ್ನು ಸಾಕಬಲ್ಲವರೇ ಇಲ್ಲವೆ? ಕೊಡಗು ಇದಕ್ಕೆ ಉತ್ತರ ಹೇಳುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದಾಗ ಕೂಡಿದ ಕುಟುಂಬಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ 360 ಕುಟುಂಬಗಳು ಕೂಡಿ ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ತಂಡದ ಹೆಸರು ಮನೆತನದ ಹೆಸರು. ಮನೆತನವನ್ನು ಮಾರುವವರಿಲ್ಲ, ಹೆಸರು ಬದಲಿಸುವವರಿಲ್ಲ. ಸೋತ ವರ್ಷ ಮುಚ್ಚುವವರೂ ಇಲ್ಲ.

ಇದರಿಂದ ವೃತ್ತಿಪರ ಲೀಗು ಬೇಡವೆಂದು ತಿಳಿಯಬಾರದು. ಕುಟುಂಬದ ಅಭಿಮಾನ ಆಟವನ್ನು ಬೆಳೆಸೀತು, ಆಟಗಾರನ ಸಂಸಾರವನ್ನು ಸಾಕದು. ಮೊಣಕಾಲು ನೊಂದು ಮೂವತ್ತೈದಕ್ಕೇ ಮೈದಾನ ಬಿಡುವವನಿಗೆ ಕೈಯಲ್ಲಿ ನಾಲ್ಕು ಕಾಸು ಇರಲೇಬೇಕು. ಹಣವೂ ಬೇಕು, ಊರೂ ಬೇಕು. ಹರ್ಷಿಯಲ್ಲಿ ಎರಡೂ ಕೂಡಿದವು, ಬೆಂಗಳೂರು ಲಯನ್ಸಿಗೆ ಎರಡನೆಯದು ದಕ್ಕಲಿಲ್ಲ. ಮೊದಲನೆಯದು ನಿಂತ ದಿನ ಹಿಡಿದುಕೊಳ್ಳಲು ಕೈಗಳೇ ಇರಲಿಲ್ಲ.

ಮುಶಿಗೇರಿಯ ಹುಡುಗನೊಬ್ಬ ನಾಳೆ ಗದಗಿನ ಶಾಲೆಗೆ ಸೇರಿ ಬೆಟಗೇರಿಯ ಗೆಳೆಯರಿಂದ ಹಾಕಿ ಕಲಿತು, ಒಳ್ಳೆಯ ಆಟಗಾರನಾದನೆನ್ನೋಣ. ಅವನಿಗೆ ಕೆಲಸ ಸಿಕ್ಕೀತು, ಹೆಸರೂ ಬಂದೀತು. ಆದರೆ ಅವನು ಹೊಡೆದ ಗೋಲಿಗೆ ಕನ್ನಡದಲ್ಲಿ ಕೂಗಿ ಕುಣಿಯುವ ಜನ, ಅವನ ಆಟವನ್ನು ಕಣ್ಣಾರೆ ಕಾಣುವ ತಾಯಿ, ಅವನು ಸೋತ ಸಂಜೆಯೂ ಅವನ ತಂಡವನ್ನು ತಮ್ಮದೆನ್ನುವ ಊರು ದೊರೆತೀತೆ? ಎರಡು ಸಲ ಗೆದ್ದ ತಂಡ ಆಣೆಕಲ್ಲಿನಂತೆ ಕರಗಿಹೋದದ್ದನ್ನು ಕಂಡ ನಾಡು, ಮುಂದಿನ ತಂಡ ಬಂದಾಗ ಅದನ್ನು ಇರಿಸಿಕೊಳ್ಳಲು ಮೊದಲೇ ಒಂದು ಅಂಗಳವನ್ನು ಸಿದ್ಧಪಡಿಸಿಕೊಳ್ಳಬೇಕು.