ಸಾಮಾನು ಬದಲಿ ಮಾಡೂದು ರಿಪೇರಿ ಅಲ್ರೀ

ಅಕ್ಕಾರ, ವೈನ್ಯಾರ, ಈ ಸಲ ಅಡಗಿ ಬಗ್ಗೆ ಬರಿಯಂಗಿಲ್ಲ. ಕಾರಿನ ಬಗ್ಗೆ ಬರೀತೀನಿ. "ಇಕಿಗೇನ ಗೊತ್ತು ಕಾರಿನ ಸುದ್ದಿ" ಅಂತ ನಗಬ್ಯಾಡ್ರಿ. ಎರಡು ತಿಂಗಳು ನಮ್ಮ ಮನಿ ರೊಕ್ಕ, ನಮ್ಮ ಅತ್ತಿಯವ್ರ ಜೀವ, ಎರಡೂ ಒಂದು ವಾಯರಿಗೆ ಜೋತು ಬಿದ್ದಿದ್ವು.

ನಿಮಗ ಗೊತ್ತೈತಿ, ಅತ್ತಿಯವ್ರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್. ತುಳಸಿಗೇರಿಯಿಂದ ಬಾಗಲಕೋಟಿಗೆ ಹೋಗಬೇಕು. ಆ ಸಲುವಾಗೇ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡಿದ್ವಿ. ಏಪ್ರಿಲ್ ಬಿಸಲಾಗ ಒಂದಿನ, ಗದ್ದನಕೇರಿ ಕ್ರಾಸ್ ಇನ್ನೂ ಮುಂದ ಇತ್ತು, ಓಡೂ ಗಾಡಿ ಒಮ್ಮೆಲೇ ಬಂದ್ ಆತು. ಜಗ್ಗಲಿಲ್ಲ, ಸಪ್ಪಳ ಮಾಡಲಿಲ್ಲ, ಗಾಳಿಗೆ ದೀಪ ಆರಿದಂಗ ಆರಿತು. ಚಾವಿ ತಿರುವಿದ್ರ ಗರ್ ಗರ್ ಅಂತ ತಿರಗತೈತಿ, ಚಾಲೂ ಆಗಂಗಿಲ್ಲ. ಅರ್ಧಾ ತಾಸು ಬಿಟ್ಟು ತಿರುವಿದ್ರ ಏನೂ ಆಗೇ ಇಲ್ಲ ಅನ್ನೂಹಂಗ ಚಾಲೂ ಆತು. ಅಲ್ಲೀತನಕಾ ಅತ್ತಿಯವ್ರು ಜಾಲಿ ಗಿಡದ ನೆಳ್ಳಾಗ ಸೆರಗಿಲೆ ಗಾಳಿ ಹಾಕ್ಕೋತ ಕುಂತಿದ್ರು.

ಗ್ಯಾರೇಜಿನವ್ರು ಸ್ಕ್ಯಾನರ್ ಹಚ್ಚಿದ್ರು. ಪಿ 0335 ಅಂತ ಕೋಡ್ ಬಂತು. "ಕ್ರ್ಯಾಂಕ್ ಸೆನ್ಸರ್ ಹೋಗೇತಿ" ಅಂದ್ರು. 2,600 ರೂಪಾಯಿ ಕೊಟ್ಟು ಹೊಸಾದು ಹಾಕಿಸಿದ್ವಿ. ಒಂಬತ್ತನೇ ದಿನಕ್ಕ ಅದೇ ರಸ್ತಾದಾಗ ಮತ್ತ ನಿಂತಿತು. "ಆ ಪೀಸ್ ಸರಿ ಇರಲಿಲ್ಲ, ಕಂಪನಿದ ಹಾಕೋಣು" ಅಂದ್ರು. 4,300. ಮತ್ತ ನಿಂತಿತು. ಮೂರನೇ ಸಲ ಹೇಳಿದ್ರು, "ಕಾರಿನ ಕಂಪ್ಯೂಟರ್, ಇಸಿಎಂ ಹೋಗೇತಿ, 38,000 ಆಗತೈತಿ." ನಮ್ಮ ಮನಿಯವ್ರ ಕಣ್ಣು ನನ್ನ ಕೈಯಾಗಿನ ಪಾಟಲಿ ಮ್ಯಾಲ ಬಿತ್ತು.

ನಾ ಒಂದೇ ಮಾತು ಕೇಳಿದೆ: "ಏನು ಅಳತಿ ಮಾಡಿ ನೋಡಿದ್ರಿ?" ಅದಕ್ಕ ಸಿಕ್ಕ ಉತ್ತರ, "ಅಕ್ಕಾರ, ಇದು ನಿಮಗ ತಿಳಿಯಂಗಿಲ್ಲ."

ತಿಳೀತೈತ್ರಿ. ನಿಮಗೂ ತಿಳಿಯೂಹಂಗ ಹೇಳ್ತೀನಿ.

ಇಂಜಿನ್ ಒಳಗ ತಿರಗೂ ದೊಡ್ಡ ದಂಡಿಗೆ ಕ್ರ್ಯಾಂಕ್ ಶಾಫ್ಟ್ ಅಂತಾರ. ಅದರ ಕೂಡ ಒಂದು ಹಲ್ಲಿನ ಗಾಲಿ ತಿರಗತೈತಿ. ಭಾಳ ಕಾರಿನ್ಯಾಗ 60 ಹಲ್ಲಿನ ಜಾಗಾದಾಗ 58 ಇಟ್ಟು ಎರಡು ಖಾಲಿ ಬಿಟ್ಟಿರ್ತಾರ. ಜಪಮಾಲ್ಯಾಗ ಮೇರು ಮಣಿ ಕೈಗೆ ಸಿಕ್ಕ ಕೂಡ್ಲೇ ಒಂದು ಸುತ್ತು ಮುಗೀತು ಅಂತ ನಮಗ ಗೊತ್ತಾಗಂಗಿಲ್ಲೇನು, ಹಂಗ ಆ ಖಾಲಿ ಜಾಗಾದಿಂದ ಕಂಪ್ಯೂಟರಿಗೆ ಇಂಜಿನ್ ಎಲ್ಲಿಗೆ ಬಂದೈತಿ ಅಂತ ತಿಳೀತೈತಿ. ಗಾಲಿ ಬಾಜೂಕ, ಅದಕ್ಕ ತಾಗದಂಗ ಕುಂತು ಹಲ್ಲು ಎಣಸೂದೇ ಈ ಸೆನ್ಸರ್. ಆ ಎಣಿಕಿ ನೋಡೇ ಕಂಪ್ಯೂಟರ್ ಯಾವಾಗ ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಹೊಡೀಬೇಕು ಅಂತ ಲೆಕ್ಕಾ ಹಾಕತೈತಿ. ಎಣಿಕಿ ನಿಂತ್ರ ನಮ್ಮ ಕಾರಿನಂಥಾದ್ರಾಗ ಎರಡೂ ಬಂದ್.

ಇನ್ನ ಪಿ 0335 ಅಂದ್ರ ಏನು? "ಸೆನ್ಸರ್ ಕೆಟ್ಟೈತಿ" ಅಂತ ಅಲ್ಲ. "ಈ ಸೆನ್ಸರಿನ ಸರ್ಕ್ಯೂಟಿನ್ಯಾಗ ತೊಂದರಿ ಐತಿ" ಅಂತ. ಸರ್ಕ್ಯೂಟ್ ಅಂದ್ರ ಸೆನ್ಸರ್ ಬಂತು, ಅದರ ಕನೆಕ್ಟರ್ ಬಂತು, ವಾಯರ್ ಬಂತು, ಕಂಪ್ಯೂಟರೂ ಬಂತು. ನಾಕು ಮನಿ ಓಣ್ಯಾಗ ಜಗಳ ನಡದೈತಿ ಅಂತ ಸುದ್ದಿ ಬಂದ್ರ, ಮೊದಲನೇ ಮನಿಯವ್ರನ್ನ ಹಿಡದು ಬಡೀತಾರೇನ್ರಿ? ಕೋಡ್ ಒಂದು ದೂರು ಅಷ್ಟ. ತೀರ್ಪು ವಿಚಾರಣಿ ಆದ ಮ್ಯಾಲ.

ಮಿಕ್ಸರ್ ತಿರಗಲಿಲ್ಲ ಅಂದ್ರ ನಾವು ಹೊಸಾದು ತರ್ತೀವೇನು? ಮೊದಲು ಪ್ಲಗ್ ಅಲುಗಾಡಿಸಿ ನೋಡ್ತೀವಿ, ಬ್ಯಾರೆ ಬೋರ್ಡಿಗೆ ಹಾಕಿ ನೋಡ್ತೀವಿ, ವಾಯರ್ ಎಲ್ಯರ ಹರದೈತೇನು ಅಂತ ಕೈಯಾಡಿಸ್ತೀವಿ. ಓದು ಬರಹ ಬಾರದ ನಮ್ಮ ಅವ್ವಗೂ ಇಷ್ಟು ಗೊತ್ತಿತ್ತು.

ಹುಬ್ಬಳ್ಳ್ಯಾಗ ಕೆಲಸ ಮಾಡೂ ನಮ್ಮ ತಂಗಿ ಮಗನ್ನ ಕರಿಸಿದೆ. ಅಂವ ತಂದದ್ದು ಒಂದು ಸಣ್ಣ ಸ್ಕ್ಯಾನರ್, ಒಂದು ಮಲ್ಟಿಮೀಟರ್. ನಮ್ಮ ಕಾರಿಂದು ಮೂರು ವಾಯರಿನ ಸೆನ್ಸರ್. ಒಂದರಾಗ ಕರೆಂಟ್ ಬರಬೇಕು, ಒಂದು ಅರ್ಥ್, ಒಂದರಾಗ ಸಿಗ್ನಲ್ ಹೋಗಬೇಕು. ಕನೆಕ್ಟರ್ ಬಿಚ್ಚಿ ಅಳದ. 5 ವೋಲ್ಟ್ ಬರ್ತಿತ್ತು, ಅರ್ಥ್ ಸರಿ ಇತ್ತು. (ಎರಡು ವಾಯರಿನ ಸೆನ್ಸರ್ ಇದ್ರ ಅದರ ಓಮ್ ಅಳದು ನೋಡ್ತಾರಂತ. ಮೂರು ವಾಯರಿನ ಹಾಲ್ ಸೆನ್ಸರಿಗೆ ಓಮ್ ಹಿಡೀಬಾರದು ಅಂದ.) ಕನೆಕ್ಟರ್ ತಿರುಗಿ ಹಾಕಿ ಇಂಜಿನ್ ಚಾಲೂ ಇಟ್ಟ, ವಾಯರಿನ ಪಿಂಡಿ ಅಲ್ಲಲ್ಲಿ ಹಿಡದು ಮೆಲ್ಲಕ ಅಲುಗಾಡಿಸ್ಕೋತ ಬಂದ. ಒಂದು ಕಡೆ ಮುಟ್ಟಿದ ಕೂಡ್ಲೇ ಗಾಡಿ ಟಪ್ ಅಂತ ಬಂದ್ ಆತು. ಚಾವಿ ತಿರುವಿದ್ರ ಇಂಜಿನ್ ತಿರಗತೈತಿ, ಸ್ಕ್ಯಾನರಿನ್ಯಾಗ ಮಾತ್ರ ಆರ್‌ಪಿಎಂ ಸೊನ್ನಿ!

ಟೇಪ್ ಬಿಚ್ಚಿ ನೋಡಿದ್ರ, ಸಿಗ್ನಲ್ ವಾಯರ್ ಒಂದು ಕಬ್ಬಿಣದ ಪಟ್ಟಿಗೆ ತಿಕ್ಕಿ ತಿಕ್ಕಿ ಮ್ಯಾಲಿನ ರಬ್ಬರ್ ಸವದು, ಒಳಗ ಎರಡು ಎಳಿ ಅಷ್ಟ ಉಳದಿದ್ವು. ಹಿಂದ ಯಾವಾಗೋ ಯಾರೋ ಕೆಲಸ ಮಾಡಿದವ್ರು ವಾಯರಿನ ಕ್ಲಿಪ್ ತಿರುಗಿ ಹಾಕಿದ್ದಿಲ್ಲ. ಅಂವ ಕೆಟ್ಟ ತುಂಡು ತಗದು ಹೊಸ ವಾಯರ್ ಬೆಸುಗಿ ಹಾಕಿ, ಮ್ಯಾಲ ಸ್ಲೀವ್ ಏರಿಸಿ, ಪಟ್ಟಿಯಿಂದ ದೂರ ಕ್ಲಿಪ್ ಹಾಕಿದ. ಕೋಡ್ ಅಳಿಸಿ, ಕಲಾದಗಿತನಕಾ ಹೋಗಿ ಬಂದು, ಮತ್ತ ಸ್ಕ್ಯಾನರ್ ಹಚ್ಚಿ ನೋಡಿದ. ಸಾಮಾನಿಗೆ ಬಿದ್ದದ್ದು 180 ರೂಪಾಯಿ. ಇವತ್ತಿಗೆ ಆರು ತಿಂಗಳಾತು, ಗಾಡಿ ನಿಂತಿಲ್ಲ.

ಗ್ಯಾರೇಜಿನವ್ರ ಪರವಾಗಿ ನೀವು ಒಂದು ಮಾತು ಹೇಳಬಹುದು: ಬಿಸಿ ಆದಾಗ ನಿಂತು ಆರಿದ ಮ್ಯಾಲ ಚಾಲೂ ಆಗೂದು ಸೆನ್ಸರ್ ಕೆಟ್ಟದ್ದರ ಲಕ್ಷಣನೂ ಹೌದು. ಒಪ್ಪಿದೆ. ಮೊದಲನೇ ಊಹಾ ತಪ್ಪಲ್ಲ. ಆದ್ರ ಹೊಸಾದು ಹಾಕಿದ ಮ್ಯಾಲೂ ಅದೇ ತೊಂದರಿ ಬಂತಂದ್ರ ಊಹಾ ಸುಳ್ಳಾತು. ಆಮ್ಯಾಲೂ ಅಳತಿ ಮಾಡದ ಇನ್ನೊಂದು ಸಾಮಾನು ತರೂದು ರಿಪೇರಿ ಅಲ್ಲ, ನಮ್ಮ ರೊಕ್ಕದಾಗ ಆಡೂ ಜೂಜಾಟ.

ನಮ್ಮ ತಪ್ಪೂ ಐತಿ, ಅದನ್ನೂ ಹೇಳ್ತೀನಿ. "ಎರಡು ತಾಸು ವಾಯರ್ ನೋಡೀನಿ, 500 ಕೊಡ್ರಿ" ಅಂದ್ರ "ಏನೂ ಹಾಕಿಲ್ಲ, ಯಾತರ ರೊಕ್ಕ?" ಅಂತ ಜಗಳಾ ತಗೀತೀವಿ. ಡಬ್ಬ್ಯಾಗಿನ ಹೊಸ ಸಾಮಾನು ತೋರಿಸಿದ್ರ ಸುಮ್ನ 4,300 ಕೊಡ್ತೀವಿ. ಹಿಂಗಾದ್ರ ಯಾವ ಮೇಸ್ತ್ರಿ ಹುಡುಕೂ ಕೆಲಸ ಮಾಡ್ತಾನ? ತಂಗಿ ಮಗ ಬ್ಯಾಡಂದ್ರೂ ನಾ ಅವನ ಕಿಸೇದಾಗ 500 ಇಟ್ಟೆ. ಅದು ವಾಯರಿಂದಲ್ಲ, ಹುಡುಕಿದ್ದಕ್ಕ.

ಅದಕ್ಕ, ಮುಂದಿನ ಸಲ ನಿಮ್ಮ ಮನಿ ಗಾಡಿ ನಿಂತ್ರ ಗಂಡಸರ ಹಿಂದ ನಿಂದ್ರಬ್ಯಾಡ್ರಿ, ಮುಂದ ಬಂದು ಕೇಳ್ರಿ. ಕೋಡ್ ಯಾವುದು, ಚೀಟ್ಯಾಗ ಬರದು ಕೊಡ್ರಿ. ವಾಯರ್, ಕನೆಕ್ಟರ್ ನೋಡಿದ್ರೇನು? ಅಳದಾಗ ಎಷ್ಟು ಬಂತು? ಹಳೇ ಸಾಮಾನು ನಮ್ಮ ಕೈಗೆ ಕೊಡ್ರಿ. ಹುಡುಕಿದ ಕೂಲಿ ಕೊಡ್ತೀವಿ, ಊಹಾಕ್ಕ ಕೊಡಂಗಿಲ್ಲ. ಮತ್ತ ಚಾಲೂ ಇಂಜಿನ್ಯಾಗ ನೀವು ಮಾತ್ರ ಕೈ ಹಾಕಬ್ಯಾಡ್ರಿ, ಸೆರಗು, ಬಳಿ ಬೆಲ್ಟಿಗೆ ಸಿಕ್ಕೊಂಡ್ರ ಕೈ ಹೋಗತೈತಿ. ನಮ್ಮ ಕೆಲಸ ಕೇಳೂದು.

ನಾಳೆ ಅತ್ತಿಯವ್ರ ಪಾಳಿ ಐತಿ, ಆರಕ್ಕ ಹೊಂಡಬೇಕು. ಪಾಟಲಿ ಇನ್ನೂ ಕೈಯಾಗ ಅದಾವ.