ಹೊಸ ಆ್ಯಪ್ ಸಾಕು, ಮೊದಲು ಪಹಣಿ ಬರೆಯೋಣ

ನಮ್ಮ ಕ್ಯಾಂಪಸ್‌ನಲ್ಲಿ ಈಗ ಎಷ್ಟು ಆ್ಯಪ್, ಎಷ್ಟು ಎಪಿಐ, ಎಷ್ಟು ಬಾಟ್ ಓಡ್ತಾ ಇವೆ? ಯಾರನ್ನು ಕೇಳಿದ್ರೂ ಉತ್ತರ ಸಿಗಲ್ಲ. ಫೆಸ್ಟ್ ರಿಜಿಸ್ಟ್ರೇಶನ್‌ಗೆ ಒಂದು, ಮೆಸ್ ಮೆನುಗೆ ಒಂದು, ಬಸ್ ಟೈಮಿಂಗ್‌ಗೆ ಒಂದು, ಲ್ಯಾಬ್ ಸ್ಲಾಟ್‌ಗೆ ಇನ್ನೊಂದು. ಪ್ರತಿ ವರ್ಷ ಫೈನಲ್ ಇಯರ್‌ನವರು ಕಟ್ತಾರೆ, ಡೆಮೊ ಕೊಡ್ತಾರೆ, ಮಾರ್ಕ್ಸ್ ತಗೊಂಡು ಹೋಗ್ತಾರೆ. ಮರುವರ್ಷ ಜೂನಿಯರ್ಸ್ ಅದನ್ನೇ ಸೊನ್ನೆಯಿಂದ ಕಟ್ಟೋಕೆ ಶುರು ಮಾಡ್ತಾರೆ. ಹಾಗಂತ ಹಳೆಯದು ಸತ್ತಿದೆಯಾ? ಅದೂ ಇಲ್ಲ. ಯಾವುದೋ ಡಿಪಾರ್ಟ್‌ಮೆಂಟ್ ಸರ್ವರ್‌ನ ಯಾವುದೋ ಪೋರ್ಟ್‌ನಲ್ಲಿ ಇನ್ನೂ ಉಸಿರಾಡ್ತಾ ಇರುತ್ತೆ. ಅದರ ಡೇಟಾಬೇಸ್‌ನಲ್ಲಿ ನಮ್ಮೆಲ್ಲರ ಯುಎಸ್ಎನ್, ಫೋನ್ ನಂಬರ್ ಹಾಗೇ ಕೂತಿರುತ್ತೆ. ಅದಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ.

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡ್ತೀವಿ. ಈ ಕ್ಯಾಂಪಸ್‌ಗೆ ಇನ್ನೊಂದು ಆ್ಯಪ್ ಬೇಕಾಗಿಲ್ಲ. ಇರೋ ಸರ್ವಿಸ್‌ಗಳ ಲೆಕ್ಕ ಇಡೋ ಒಂದು ರಿಜಿಸ್ಟ್ರಿ ಮತ್ತು ಒಂದು ರೆಪಾಸಿಟರಿ ಬೇಕು. ಅದನ್ನು ಓಪನ್ ಸೋರ್ಸ್ ಆಗಿಯೇ ಕಟ್ಟಬೇಕು, ಆ ಕೆಲಸವನ್ನು ಪ್ರಾಜೆಕ್ಟ್ ಅಂತ ಒಪ್ಪಿ ಮಾರ್ಕ್ಸ್ ಕೊಡಬೇಕು.

ರಿಜಿಸ್ಟ್ರಿ, ರೆಪಾಸಿಟರಿ ಎರಡೂ ಒಂದೇ ಅಂತ ಅಂದ್ಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಲೈಬ್ರರಿಯನ್ನು ನೆನಪಿಸಿಕೊಳ್ಳಿ. ಯಾವ ಪುಸ್ತಕ ಇದೆ, ಯಾವ ರ‍್ಯಾಕ್‌ನಲ್ಲಿದೆ, ಈಗ ಯಾರ ಹತ್ತಿರ ಇದೆ ಅಂತ ಹೇಳೋ ಕ್ಯಾಟಲಾಗ್‌ನ ಕೆಲಸವೇ ರಿಜಿಸ್ಟ್ರಿಯದ್ದು. ಪುಸ್ತಕಗಳನ್ನೇ ಜೋಡಿಸಿಟ್ಟಿರೋ ರ‍್ಯಾಕ್ ಇದೆಯಲ್ಲ, ಅದು ರೆಪಾಸಿಟರಿ. ಒಂದು ಸರ್ವಿಸ್‌ನ ವಿಳಾಸ, ಮಾಲೀಕರು, ಜೀವಂತ ಇದೆಯೋ ಇಲ್ಲವೋ ಅನ್ನೋದು ಮೊದಲನೆಯದರಲ್ಲಿ. ಅದರ ಕೋಡ್, ಎಪಿಐ ವಿವರ, ಡಾಕ್ಯುಮೆಂಟ್, ಹಳೆಯ ವರ್ಶನ್‌ಗಳು ಎರಡನೆಯದರಲ್ಲಿ. ಗಿಟ್‌ನ ದಯೆಯಿಂದ ಎರಡನೆಯದು ನಮ್ಮಲ್ಲಿ ಅಷ್ಟೋ ಇಷ್ಟೋ ಇದೆ. ಮೊದಲನೆಯದು ಇಲ್ಲವೇ ಇಲ್ಲ.

ಲೆಕ್ಕ ಇಡೋದೇನು ಮಹಾ ಕಷ್ಟ, ಒಂದು ಎಕ್ಸೆಲ್ ಶೀಟ್ ಸಾಕಲ್ವಾ ಅಂತ ಕೇಳಬಹುದು. ಊರಲ್ಲಿ ಜಮೀನಿರೋ ಮನೆಯವರಿಗೆ ಇದರ ಉತ್ತರ ಗೊತ್ತು. ಅಜ್ಜ ತೀರಿಕೊಂಡು 20 ವರ್ಷ ಆಗಿರುತ್ತೆ, ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತೆ. ಪೌತಿ ಖಾತೆ ಮಾಡಿಸೋಕೆ ಯಾರಿಗೂ ಪುರುಸೊತ್ತು ಆಗಿರಲ್ಲ. ಜಮೀನೂ ಇದೆ, ದಾಖಲೆಯೂ ಇದೆ, ದಾಖಲೆ ಹೇಳೋ ಮಾತು ಮಾತ್ರ ನಿಜ ಅಲ್ಲ. ಅದು ಗೊತ್ತಾಗೋದು ಬ್ಯಾಂಕಿಗೆ ಸಾಲ ಕೇಳೋಕೆ ಹೋದ ದಿನ. ದಾಖಲೆ ಬರೆಯೋದು ಒಂದು ದಿನದ ಕೆಲಸ, ಅದನ್ನು ನಿಜವಾಗಿ ಉಳಿಸಿಕೊಳ್ಳೋದು ದಿನಾ ಮಾಡಬೇಕಾದ ಕೆಲಸ.

ಸಾಫ್ಟ್‌ವೇರ್ ಜಗತ್ತು ಈ ಪಾಠವನ್ನು ದುಬಾರಿಯಾಗಿ ಕಲಿತಿದೆ. 2000ದಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಅರಿಬಾ ಸೇರಿ ಯುಡಿಡಿಐ ಅನ್ನೋ ಯೋಜನೆ ಘೋಷಿಸಿದವು. ಜಗತ್ತಿನ ಕಂಪನಿಗಳೆಲ್ಲ ತಮ್ಮ ವೆಬ್ ಸರ್ವಿಸ್‌ಗಳನ್ನು ಒಂದು ಸಾರ್ವಜನಿಕ ರಿಜಿಸ್ಟ್ರಿಯಲ್ಲಿ ಬರೆಸ್ತಾವೆ, ಬೇಕಾದವರು ಟೆಲಿಫೋನ್ ಡೈರೆಕ್ಟರಿ ತಿರುವಿದ ಹಾಗೆ ಹುಡುಕಿಕೊಳ್ತಾರೆ ಅನ್ನೋದು ಕನಸು. ಅದರ ಭಾಗಗಳಿಗೆ ವೈಟ್ ಪೇಜಸ್, ಯೆಲ್ಲೋ ಪೇಜಸ್, ಗ್ರೀನ್ ಪೇಜಸ್ ಅಂತಲೇ ಹೆಸರು. ಐಬಿಎಂ, ಮೈಕ್ರೋಸಾಫ್ಟ್, ಎಸ್ಎಪಿಯಂಥ ದೈತ್ಯರೇ ನಡೆಸ್ತಿದ್ದ ಆ ಸಾರ್ವಜನಿಕ ರಿಜಿಸ್ಟ್ರಿ 2006ರ ಜನವರಿಯಲ್ಲಿ ಬಾಗಿಲು ಹಾಕಿತು. ದುಡ್ಡಿಗೆ ಕೊರತೆ ಇರಲಿಲ್ಲ, ಸ್ಟ್ಯಾಂಡರ್ಡ್‌ಗೂ ಕೊರತೆ ಇರಲಿಲ್ಲ. ನಮಗೆ ಕಾಣೋ ಕಾರಣ ಸರಳ: ಬರೆದವರಿಗೆ ಅದನ್ನು ಮತ್ತೆ ತಿದ್ದೋಕೆ ಏನೂ ಒತ್ತಾಯ ಇರಲಿಲ್ಲ, ಓದುವವರಿಗೆ ಅದನ್ನು ನಂಬೋಕೆ ಏನೂ ಆಧಾರ ಇರಲಿಲ್ಲ.

ಈಗ ಇನ್ನೊಂದು ಉದಾಹರಣೆ ನೋಡಿ. ನೆಟ್‌ಫ್ಲಿಕ್ಸ್ 2012ರಲ್ಲಿ ಯುರೇಕಾ ಅನ್ನೋ ರಿಜಿಸ್ಟ್ರಿಯನ್ನು ಓಪನ್ ಸೋರ್ಸ್ ಮಾಡಿತು. ಕ್ಲೌಡ್‌ನಲ್ಲಿ ಸರ್ವರ್‌ಗಳು ಹುಟ್ತಾ ಸಾಯ್ತಾ ಇರ್ತವೆ, ಐಪಿ ವಿಳಾಸ ಬದಲಾಗ್ತಾನೇ ಇರುತ್ತೆ, ಕೂತು ಬರೆದಿಡೋಕೆ ಮನುಷ್ಯರಿಂದ ಆಗಲ್ಲ. ಅದಕ್ಕೇ ಇಲ್ಲಿ ಸರ್ವಿಸ್ ತಾನೇ ಬಂದು ಹೆಸರು ಬರೆಸುತ್ತೆ. ಆಮೇಲೆ 30 ಸೆಕೆಂಡಿಗೊಮ್ಮೆ ‘ನಾನಿದ್ದೀನಿ’ ಅಂತ ಹಾಜರಿ ಹಾಕುತ್ತೆ. 90 ಸೆಕೆಂಡ್ ಸದ್ದಿಲ್ಲ ಅಂದ್ರೆ ಹೆಸರು ತೆಗೆದುಹಾಕ್ತಾರೆ. ಇನ್ನೊಂದು ಜಾಣತನ ಏನಂದ್ರೆ, ಬರಬೇಕಾದ ಹಾಜರಿ ಒಟ್ಟಾರೆ ಶೇ. 85ಕ್ಕಿಂತ ಕೆಳಗೆ ಬಿದ್ದರೆ ಯುರೇಕಾ ಹೆಸರು ತೆಗೆಯೋದನ್ನೇ ನಿಲ್ಲಿಸುತ್ತೆ. ಇಷ್ಟು ಜನ ಒಟ್ಟಿಗೆ ಸಾಯಲ್ಲ, ನೆಟ್‌ವರ್ಕ್‌ನಲ್ಲೇ ಏನೋ ಎಡವಟ್ಟಾಗಿದೆ ಅನ್ನೋ ಲೆಕ್ಕ. ಯುಡಿಡಿಐಗೂ ಯುರೇಕಾಗೂ ಇರೋ ದೊಡ್ಡ ವ್ಯತ್ಯಾಸ ಈ ಹಾಜರಿ ಪುಸ್ತಕವೇ.

ಯಂತ್ರದ ಹಾಜರಿ ಆಯ್ತು, ಮನುಷ್ಯರದ್ದು? ಸ್ಪಾಟಿಫೈ 2020ರಲ್ಲಿ ಬ್ಯಾಕ್‌ಸ್ಟೇಜ್ ಅನ್ನೋ ಸಾಫ್ಟ್‌ವೇರನ್ನು ಓಪನ್ ಸೋರ್ಸ್ ಮಾಡಿತು. ಅದರಲ್ಲಿ ಪ್ರತಿ ಸರ್ವಿಸ್‌ನ ಕೋಡ್ ಜೊತೆಗೇ ಒಂದು ಚಿಕ್ಕ ಯಾಮಲ್ ಫೈಲ್ ಇರುತ್ತೆ, ಕ್ಯಾಟಲಾಗ್ ಆ ಫೈಲ್‌ಗಳನ್ನು ಓದಿ ಪಟ್ಟಿ ಮಾಡುತ್ತೆ. ಆ ಫೈಲ್‌ನಲ್ಲಿ ಮೂರು ವಿಷಯ ಕಡ್ಡಾಯ: ಇದು ಯಾವ ಬಗೆಯದು, ಯಾವ ಹಂತದಲ್ಲಿದೆ, ಇದರ ಓನರ್ ಯಾರು. ನಮ್ಮಂಥ ಕ್ಯಾಂಪಸ್‌ಗೆ ಈ ಮೂರನೆಯದೇ ಮುಖ್ಯ. ಓನರ್ ಅಂತ ಒಬ್ಬ ವ್ಯಕ್ತಿಯ ಹೆಸರು ಬರೆದ್ರೆ ಅವರು ಪಾಸ್ ಆಗಿ ಹೋದ ದಿನವೇ ಸರ್ವಿಸ್ ಅನಾಥ. ಕ್ಲಬ್ ಅಥವಾ ಲ್ಯಾಬ್ ಹೆಸರು ಬರೆದ್ರೆ ಪ್ರತಿ ಬ್ಯಾಚ್‌ನಲ್ಲೂ ಕೇಳೋಕೆ ಒಬ್ಬರು ಸಿಗ್ತಾರೆ.

ಅನಾಥ ಸರ್ವಿಸ್ ಇದ್ರೆ ಏನಂತೆ, ಅದರ ಪಾಡಿಗೆ ಅದು ಇರಲಿ ಅನ್ನೋರಿಗೆ ಒಂದು ಮಾತು. ಎಪಿಐಗಳ ಭದ್ರತೆಗೆ ಇರೋ ಹತ್ತು ದೊಡ್ಡ ಅಪಾಯಗಳ ಪಟ್ಟಿಯನ್ನು ಓವಾಸ್ಪ್ ಸಂಸ್ಥೆ 2023ರಲ್ಲಿ ಪರಿಷ್ಕರಿಸಿತು. ಅದರಲ್ಲಿ ಒಂಬತ್ತನೆಯದು, ನಮ್ಮ ಹತ್ತಿರ ಏನೇನಿದೆ ಅನ್ನೋ ಲೆಕ್ಕವನ್ನು ಸರಿಯಾಗಿ ಇಡದೇ ಇರೋದು. ಮರೆತುಹೋದ ಹಳೆಯ ವರ್ಶನ್‌ಗೆ ಯಾರೂ ಪ್ಯಾಚ್ ಹಾಕಲ್ಲ, ಡೇಟಾ ಮಾತ್ರ ಅದರಲ್ಲಿ ಅಸಲಿಯೇ ಇರುತ್ತೆ. ಕಳ್ಳನಿಗೆ ಇದಕ್ಕಿಂತ ಒಳ್ಳೆ ಹಿತ್ತಿಲ ಬಾಗಿಲು ಬೇಕಾ?

ಓಪನ್ ಸೋರ್ಸೇ ಯಾಕೆ ಅನ್ನೋದು ಮುಂದಿನ ಪ್ರಶ್ನೆ. ರಿಜಿಸ್ಟ್ರಿ ಎಲ್ಲದರ ನಡುವೆ ಕೂತಿರುತ್ತೆ. ಒಂದು ಆ್ಯಪ್ ಬೇಡ ಅಂದ್ರೆ ತೆಗೀಬಹುದು, ರಿಜಿಸ್ಟ್ರಿ ತೆಗೆದ್ರೆ ಉಳಿದವರೆಲ್ಲ ಒಬ್ಬರನ್ನೊಬ್ಬರು ಕಳ್ಕೊಳ್ತಾರೆ. ಹಾಗಾಗಿ ಅದರ ಲೈಸೆನ್ಸ್ ಯಾರ ಕೈಯಲ್ಲಿದೆ ಅನ್ನೋದು ಸಣ್ಣ ವಿಷಯ ಅಲ್ಲ. ಹ್ಯಾಶಿಕಾರ್ಪ್ ಕಂಪನಿಯ ಕಾನ್ಸಲ್ ಇದೇ ಕೆಲಸದ ಜನಪ್ರಿಯ ಸಾಧನ, ವರ್ಷಗಟ್ಟಲೆ ಓಪನ್ ಸೋರ್ಸ್ ಆಗಿತ್ತು. 2023ರ ಆಗಸ್ಟ್‌ನಲ್ಲಿ ಕಂಪನಿ ತನ್ನ ಸಾಫ್ಟ್‌ವೇರ್‌ಗಳ ಮುಂದಿನ ವರ್ಶನ್‌ಗಳನ್ನು ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಬದಲಾಯಿಸಿತು. ಕೋಡ್ ಓದೋಕೆ ಸಿಗುತ್ತೆ, ಬಳಕೆಗೆ ಷರತ್ತು ಬಂತು. ಅದೇ ಕಂಪನಿಯ ಟೆರಾಫಾರ್ಮ್‌ನ ಹಳೆಯ ಕೋಡ್ ತಗೊಂಡು ಸಮುದಾಯದವರು ಓಪನ್‌ಟೋಫು ಕಟ್ಟಿದರು. ಹಾಗೆ ಕಟ್ಟೋಕೆ ಆಗಿದ್ದು ಹಳೆಯ ಲೈಸೆನ್ಸ್ ಮುಕ್ತವಾಗಿತ್ತು ಅನ್ನೋ ಕಾರಣಕ್ಕೆ.

ಮುಕ್ತ ಅಂದ ಮಾತ್ರಕ್ಕೆ ನಿಯಮ ಬೇಡ ಅಂತಲ್ಲ. 2016ರ ಮಾರ್ಚ್‌ನಲ್ಲಿ ಒಬ್ಬ ಡೆವಲಪರ್ ಎನ್‌ಪಿಎಂ ಜೊತೆ ಮನಸ್ತಾಪ ಮಾಡಿಕೊಂಡು ತಮ್ಮ ಪ್ಯಾಕೇಜ್‌ಗಳನ್ನೆಲ್ಲ ಅದರಿಂದ ತೆಗೆದುಬಿಟ್ಟರು. ಅದರಲ್ಲಿ ಲೆಫ್ಟ್-ಪ್ಯಾಡ್ ಅನ್ನೋದು ಬರೀ 11 ಸಾಲಿನ ಕೋಡ್. ಅದನ್ನು ನೆಚ್ಚಿಕೊಂಡಿದ್ದ ಲೆಕ್ಕವಿಲ್ಲದಷ್ಟು ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದುಬಿತ್ತು. ಆಮೇಲೆ ಎನ್‌ಪಿಎಂ, ಹಾಕಿದ್ದನ್ನು ಹಿಂದಕ್ಕೆ ತಗೊಳ್ಳೋ ನಿಯಮವನ್ನು ಬಿಗಿ ಮಾಡಿತು. ಇನ್ನೊಬ್ಬರು ನೆಚ್ಚಿಕೊಂಡಿರೋದನ್ನು ತೆಗೆಯೋ ಮೊದಲು ಹೇಳಬೇಕು ಅನ್ನೋದು ನಮ್ಮ ಕ್ಯಾಂಪಸ್‌ಗೂ ಅನ್ವಯ ಆಗಬೇಕಾದ ಮಾತು.

ಹಾಗಾದ್ರೆ ಮಾಡಬೇಕಾದ್ದೇನು? ಮೊದಲ ದಿನವೇ ಬ್ಯಾಕ್‌ಸ್ಟೇಜ್ ಇನ್‌ಸ್ಟಾಲ್ ಮಾಡಿ ಅಂತ ನಾವು ಹೇಳ್ತಿಲ್ಲ, ಅದನ್ನು ನೋಡಿಕೊಳ್ಳೋದೇ ಒಂದು ಕೆಲಸ. ಒಂದು ಗಿಟ್ ರೆಪಾಸಿಟರಿ ತೆರೆಯೋಣ. ಪ್ರತಿ ಸರ್ವಿಸ್‌ಗೆ ಒಂದು ಫೈಲ್: ಹೆಸರು, ವಿಳಾಸ, ಓನರ್ ಗುಂಪು, ಯಾರ ಯಾವ ಡೇಟಾ ಇಟ್ಟುಕೊಂಡಿದೆ, ಕೊನೆಯ ಬಾರಿ ಯಾವಾಗ ನವೀಕರಿಸಿದ್ದು. ಯುರೇಕಾದ 30 ಸೆಕೆಂಡ್ ಜಾಗದಲ್ಲಿ ನಮಗೆ ಒಂದು ಸೆಮಿಸ್ಟರ್. ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಓನರ್ ಗುಂಪು ಒಂದು ಪುಲ್ ರಿಕ್ವೆಸ್ಟ್ ಹಾಕಿ ‘ನಾವಿದ್ದೀವಿ’ ಅನ್ನಬೇಕು. ಎರಡು ಸೆಮಿಸ್ಟರ್ ಸದ್ದಿಲ್ಲದಿದ್ರೆ ನೋಟಿಸ್ ಕೊಟ್ಟು ಸರ್ವಿಸ್ ನಿಲ್ಲಿಸೋದು, ಅದರಲ್ಲಿರೋ ನಮ್ಮ ಡೇಟಾ ಅಳಿಸೋದು, ಕೋಡ್ ಮಾತ್ರ ರೆಪಾಸಿಟರಿಯಲ್ಲಿ ಉಳಿಸೋದು. ಎಲ್ಲರೂ ಒಟ್ಟಿಗೆ ಸುಮ್ಮನಾದ್ರೆ ಬಹುಶಃ ಇಂಟರ್ನಲ್ಸ್ ನಡೀತಿರುತ್ತೆ, ಸ್ವಲ್ಪ ಕಾಯೋಣ!

ಇದರಲ್ಲಿ ಹೊಸತನ ಎಲ್ಲಿದೆ ಅಂತ ರಿವ್ಯೂ ಪ್ಯಾನೆಲ್ ಕೇಳೇ ಕೇಳುತ್ತೆ. ನಮ್ಮ ಗುರುಗಳಿಗೆ ನಮ್ಮ ವಿನಂತಿ ಇಷ್ಟೇ: ಐದನೇ ಸಲ ಕಟ್ಟಿದ ಮೆಸ್ ಆ್ಯಪ್‌ನಲ್ಲಿ ಎಷ್ಟು ಹೊಸತನ ಇದೆಯೋ, ಇರೋ ಐದನ್ನೂ ಹುಡುಕಿ, ನಾಲ್ಕನ್ನು ಮುಚ್ಚಿ, ಒಂದನ್ನು ಗಟ್ಟಿ ಮಾಡಿದ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಎಂಜಿನಿಯರಿಂಗ್ ಇದೆ. ಓಪನ್ ಸೋರ್ಸ್ ರಿಜಿಸ್ಟ್ರಿಯೊಂದರ ಬಗ್ ಸರಿಪಡಿಸಿ ಅದು ಮರ್ಜ್ ಆದ್ರೆ, ಅದನ್ನು ಓದಿ ಒಪ್ಪಿರೋದು ನಮ್ಮ ಪರಿಚಯವೇ ಇಲ್ಲದ ಪರೀಕ್ಷಕರು. ಅಂಥ ವೈವಾ ಬೇರೆ ಯಾವುದಿದೆ?

ಓದುಗ ಗೆಳೆಯರೇ, ನಿಮ್ಮ ಸೀನಿಯರ್ಸ್ ಕಟ್ಟಿದ ಯಾವುದಾದರೂ ಸರ್ವಿಸ್ ಇನ್ನೂ ಓಡ್ತಿರೋದು ಗೊತ್ತಿದ್ರೆ ಈ ವಾರವೇ ಅದರ ವಿಳಾಸ ಬರೆದಿಡಿ, ಓನರ್ ಯಾರು ಅಂತ ವಿಚಾರಿಸಿ. ಮೊದಲ ಐದು ಫೈಲ್ ಆದ ಮೇಲೆ ಸಾಫ್ಟ್‌ವೇರ್ ಯಾವುದು ಅಂತ ಕೂತು ಮಾತಾಡೋಣ.